ತೀರ್ಮಾನಕ್ಕೆ ಮೊದಲು ಕೇಳುವುದು

(ತುಮಕೂರಿನಲ್ಲಿ ಕಾರ್ಖಾನೆಗಳ ಆಡಳಿತದವರು, ಸೂಪರ್‌ವೈಸರ್‌ಗಳು ಮತ್ತು ಕಾರ್ಮಿಕ ಪ್ರತಿನಿಧಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಯವರು ಇದ್ದೀರಿ. ನರಸಾಪುರ, ಮಾಲೂರು, ಗೌರಿಬಿದನೂರಿನಿಂದ ಬೆಳಗಾಗುವ ಮುಂಚೆ ಹೊರಟು ಬಂದವರೂ ಇದ್ದೀರಿ. ಹಾಗಾಗಿ ಪೀಠಿಕೆ ಬಿಟ್ಟು ಒಂದು ನೋಟಿಸಿನಿಂದ ಶುರು ಮಾಡೋಣ. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಉದಾಹರಣೆ, ಯಾವುದೋ ಒಂದು ಕಾರ್ಖಾನೆಯ ವಿಚಾರವಲ್ಲ. ಆದರೂ ಇಲ್ಲಿರುವ ಅನೇಕರಿಗೆ ಪರಿಚಿತ ಅನ್ನಿಸಬಹುದು.

ತುಮಕೂರಿನ ಅಂಚಿನಲ್ಲಿ 240 ಜನ ದುಡಿಯುವ ಒಂದು ಗಾರ್ಮೆಂಟ್ಸ್ ಇದೆ ಎಂದಿಟ್ಟುಕೊಳ್ಳಿ. ಬಹುಪಾಲು ಹೆಣ್ಣುಮಕ್ಕಳು. ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯ ಹಳ್ಳಿಗಳವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವ್ಯಾನು ಬಿಟ್ಟು ಸರ್ಕಾರಿ ಬಸ್ಸು ಹಿಡಿದವರು ಅವರಲ್ಲಿ ಸಾಕಷ್ಟಿದ್ದಾರೆ. ಕೆಲಸ ಬೆಳಿಗ್ಗೆ 9ರಿಂದ ಸಂಜೆ 5.30, ಮಧ್ಯೆ ಅರ್ಧ ಗಂಟೆ ಊಟ. ಸಂಜೆ 6ಕ್ಕೆ ಬೆಂಗಳೂರಿಗೆ ಹೊರಡಬೇಕಾದ ಲಾರಿ ವಾರದಲ್ಲಿ ಮೂರು ದಿನವಾದರೂ 7.30ರ ತನಕ ಗೇಟಿನಲ್ಲೇ ನಿಂತಿರುತ್ತದೆ. ಆಡಳಿತದವರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಬರುವ ತಿಂಗಳಿಂದ 8.30ಕ್ಕೇ ಕೆಲಸ ಶುರು ಎಂದು ಬೋರ್ಡಿಗೆ ಹಾಳೆ ಅಂಟಿಸುತ್ತಾರೆ.

ಗುಬ್ಬಿ ಕಡೆಯ ಬಸ್ಸು ಬರುವುದೇ 8.40ಕ್ಕೆ. ಮೊದಲ ವಾರದಲ್ಲೇ ಐವತ್ತು ಜನರಿಗೆ ದಿನವೂ ಲೇಟ್ ಮಾರ್ಕ್ ಬೀಳುತ್ತದೆ. ಮೂರು ಲೇಟಿಗೆ ಅರ್ಧ ದಿನದ ಸಂಬಳ ಕಟ್ ಎಂದರೆ ಸಿಟ್ಟು ಬರುತ್ತದೆ. ಕೆಲವರು ಪಕ್ಕದ ಕಾರ್ಖಾನೆಗೆ ಹೋಗುತ್ತಾರೆ. ಎರಡು ತಿಂಗಳು ಕಳೆದ ಮೇಲೂ ಲಾರಿ 7.30ಕ್ಕೇ ಹೊರಡುತ್ತಿರುತ್ತದೆ. ಯಾಕೆಂದರೆ ತಡ ಆಗುತ್ತಿದ್ದದ್ದು ಕೆಲಸ ಶುರುವಾಗುವ ಹೊತ್ತಿನಿಂದ ಅಲ್ಲ. ಹಿಂದಿನ ದಿನ ಕತ್ತರಿಸಿಟ್ಟ ಬಟ್ಟೆಗೆ ನಂಬರ್ ಚೀಟಿ ಅಂಟಿಸಿ ಬಂಡಲ್ ಕಟ್ಟುವ ಕೆಲಸ ಬೆಳಿಗ್ಗೆ ನಡೆಯುತ್ತಿತ್ತು. ಹೊಲಿಗೆ ಲೈನಿಗೆ ಮೊದಲ ಬಂಡಲ್ ಬರುವಾಗ 10 ಗಂಟೆ. ಬೆಳಿಗ್ಗೆ ಒಂದು ಗಂಟೆ ಮೆಷಿನ್ ಮುಂದೆ ಸುಮ್ಮನೆ ಕೂತವರ ಪೀಸು ಸಂಜೆ ಒಮ್ಮೆಗೇ ಫಿನಿಶಿಂಗ್ ಮೇಲೆ ಬೀಳುತ್ತಿತ್ತು. ಇದು ಲೈನಿನಲ್ಲಿ ಕೂತ ಪ್ರತಿಯೊಬ್ಬ ಟೈಲರಿಗೂ ಗೊತ್ತು, ಬಂಡಲ್ ಹೊತ್ತು ತರುವ ಹೆಲ್ಪರಿಗೆ ಇನ್ನೂ ಚೆನ್ನಾಗಿ ಗೊತ್ತು. ಕಟಿಂಗ್ ಮತ್ತು ನಂಬರಿಂಗ್‌ನ 14 ಜನ ಮಾತ್ರ 8ಕ್ಕೆ ಬಂದು 4.30ಕ್ಕೆ ಹೋದರೆ, ಅದರಲ್ಲೂ ಊರೊಳಗೇ ಮನೆ ಇರುವವರು ಬಂದರೆ, ಉಳಿದ 226 ಜನ ಮಾಮೂಲಿನಂತೆ 9ಕ್ಕೇ ಬರಬಹುದು. ಲಾರಿಯೂ ಆರಕ್ಕೆ ಹೊರಡುತ್ತದೆ.

ಕೂಡಿ ತೀರ್ಮಾನ ಮಾಡುವುದು ಎಂದಾಗ ಅದನ್ನು ಕಾರ್ಮಿಕರಿಗೆ ತೋರುವ ಮರ್ಯಾದೆ ಎಂದು ಆಡಳಿತದವರು ತಿಳಿಯುತ್ತಾರೆ. ಮರ್ಯಾದೆ ಬೇಕು, ನಿಜ. ಆದರೆ ಇಲ್ಲಿ ಕಳೆದುಹೋದದ್ದು ಮಾಹಿತಿ. ಸಮಸ್ಯೆ ಎಲ್ಲಿದೆ ಎಂದು ತಿಳಿದವರು ಒಂದು ಕಡೆ, ತೀರ್ಮಾನ ಮಾಡುವವರು ಇನ್ನೊಂದು ಕಡೆ. ಇವತ್ತು ನಾನು ಹೇಳುವುದೆಲ್ಲ ಎರಡು ಕ್ರಮಗಳ ಸುತ್ತಲೇ ಇರುತ್ತದೆ: ತೀರ್ಮಾನ ಗಟ್ಟಿಯಾಗುವ ಮೊದಲೇ ಕೇಳಬೇಕು, ಮತ್ತು ಕೇಳಿದ್ದಕ್ಕೆಲ್ಲ ಉತ್ತರ ಬರಹದಲ್ಲಿ ವಾಪಸ್ ಹೋಗಬೇಕು. ಎರಡನೆಯದು ತಪ್ಪುವುದೇ ಹೆಚ್ಚು.

ಇದು ಬರೀ ಅಭಿಪ್ರಾಯ ಅಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಹಾರ್ವುಡ್ ಎಂಬ ಪೈಜಾಮ ಹೊಲಿಯುವ ಕಾರ್ಖಾನೆ ಇತ್ತು. ಅಲ್ಲೂ ಹೆಚ್ಚಿನವರು ಹಳ್ಳಿಗಾಡಿನಿಂದ ಬರುವ ಹೆಣ್ಣುಮಕ್ಕಳೇ. ಕೆಲಸದ ಕ್ರಮ ಬದಲಾಯಿಸಿದಾಗಲೆಲ್ಲ ಉತ್ಪಾದನೆ ಕುಸಿಯುತ್ತಿತ್ತು, ಜನ ಬಿಟ್ಟುಹೋಗುತ್ತಿದ್ದರು. ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಎಂಬಿಬ್ಬರು ಅಲ್ಲಿ ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಬದಲಾವಣೆಯನ್ನು ಸುಮ್ಮನೆ ಹೇಳಿದರು. ಇನ್ನೊಂದು ಗುಂಪು ತನ್ನ ಪ್ರತಿನಿಧಿಗಳನ್ನು ಕಳಿಸಿ ಹೊಸ ಕ್ರಮವನ್ನು ರೂಪಿಸಿತು. ಮತ್ತೆರಡು ಸಣ್ಣ ಗುಂಪುಗಳಲ್ಲಿ ಎಲ್ಲರೂ ಕೂತು ರೂಪಿಸಿದರು. ಸುಮ್ಮನೆ ಹೇಳಿಸಿಕೊಂಡ ಗುಂಪಿನಲ್ಲಿ ಮೊದಲ 40 ದಿನದಲ್ಲೇ ಶೇ 17 ಮಂದಿ ಕೆಲಸ ಬಿಟ್ಟರು, ಇಳಿದ ಉತ್ಪಾದನೆ ಮೇಲೇಳಲಿಲ್ಲ. ಎಲ್ಲರೂ ಕೂತು ಮಾತಾಡಿದ ಗುಂಪುಗಳಲ್ಲಿ ಯಾರೂ ಬಿಡಲಿಲ್ಲ. ಉತ್ಪಾದನೆ ಬೇಗ ಹಳೆಯ ಮಟ್ಟಕ್ಕೆ ಬಂದು ಅದಕ್ಕಿಂತ ಸುಮಾರು ಶೇ 14ರಷ್ಟು ಮೇಲಕ್ಕೂ ಹೋಯಿತು. ನನಗೆ ಮುಖ್ಯ ಅನ್ನಿಸುವುದು ಮುಂದಿನ ಭಾಗ. ಮೊದಲ ಗುಂಪಿನಲ್ಲಿ ಉಳಿದಿದ್ದವರನ್ನೇ ಎರಡೂವರೆ ತಿಂಗಳ ನಂತರ ಬೇರೆ ಕೆಲಸಕ್ಕೆ ಹಾಕಿದಾಗ, ಈ ಸಲ ಅವರನ್ನೂ ಕೂಡಿಸಿಕೊಂಡು ತೀರ್ಮಾನಿಸಿದರು. ಅದೇ ಜನ ಬೇಗ ಚೇತರಿಸಿಕೊಂಡರು. ‘ನಮ್ಮ ಜನ ಸರಿ ಇಲ್ಲ’ ಎನ್ನುವವರು ಈ ಭಾಗವನ್ನು ಗಮನಿಸಬೇಕು.

ಇದೇ ಪ್ರಯೋಗವನ್ನು ನಾರ್ವೆಯ ಒಂದು ಚಪ್ಪಲಿ-ಶೂ ಕಾರ್ಖಾನೆಯಲ್ಲಿ ಮಾಡಿ 1960ರಲ್ಲಿ ಪ್ರಕಟಿಸಿದರು. ಅಲ್ಲಿ ಉತ್ಪಾದನೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಕಾರ್ಮಿಕರಿಗೆ ಬಿಟ್ಟುಕೊಟ್ಟ ವಿಷಯಗಳು ಉತ್ಪಾದನೆಗೆ ನೇರವಾಗಿ ತಾಕುವಂಥವಾಗಿರಲಿಲ್ಲ, ಜೊತೆಗೆ ತಮ್ಮ ಪರವಾಗಿ ಯೂನಿಯನ್ ಮಾತಾಡುವುದೇ ಸರಿಯಾದ ದಾರಿ ಎಂದು ಅಲ್ಲಿನವರು ನಂಬಿದ್ದರು. ಕ್ಯಾಂಟೀನಿನ ಗೋಡೆಗೆ ಯಾವ ಬಣ್ಣ ಹೊಡೆಯೋಣ ಎಂದು ಕೇಳಿ, ಟಾರ್ಗೆಟ್ ಮಾತ್ರ ಮೇಲಿನಿಂದ ಇಳಿಸಿದರೆ ಫಲ ಸಿಗದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1950ರ ದಶಕದ ಆರಂಭದಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಸ್‌ನವರು ಸ್ವಯಂಚಾಲಿತ ಮಗ್ಗ ತಂದರು. ಆದರೂ ನಿರೀಕ್ಷಿಸಿದ ಫಲ ಬರಲಿಲ್ಲ. 224 ಮಗ್ಗಗಳನ್ನು 29 ಜನ ನೋಡಿಕೊಳ್ಳುತ್ತಿದ್ದರು, ಕೆಲಸವನ್ನು ಹನ್ನೆರಡು ಬಗೆಯಾಗಿ ಹಂಚಿತ್ತು. ನೂಲು ಕಡಿದರೆ ಒಬ್ಬ, ಎಣ್ಣೆಗೆ ಇನ್ನೊಬ್ಬ. ಇಡೀ ಮಗ್ಗ ಯಾರದೂ ಅಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅವರು, ಒಂದಷ್ಟು ಮಗ್ಗಗಳಿಗೆ ಒಂದು ಪೂರ್ತಿ ತಂಡ ಎಂಬ ವಿಚಾರವನ್ನು ಮುಂದಿಟ್ಟರು. ತಂಡ ಕಟ್ಟಿಕೊಂಡವರು ಕಾರ್ಮಿಕರು ಮತ್ತು ಅವರ ಸೂಪರ್‌ವೈಸರ್‌ಗಳೇ. ಉತ್ಪಾದನೆ ಏರಿತು, ಬಟ್ಟೆ ಹಾಳಾಗುವುದು ಇಳಿಯಿತು. 1970ರಲ್ಲಿ ಇದೇ ಸಂಸ್ಥೆಯ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ತಂಡದ ಪದ್ಧತಿ ಹೆಚ್ಚುಕಡಿಮೆ ಉಳಿದಿತ್ತು, ಉಳಿದ ಕಡೆ ಕರಗಿಹೋಗಿತ್ತು. ಸಾಕುವವರಿಲ್ಲದಿದ್ದರೆ ಒಳ್ಳೆಯ ಪದ್ಧತಿಯೂ ನಿಲ್ಲುವುದಿಲ್ಲ.

ಈಗ ಕ್ರಮಕ್ಕೆ ಬರೋಣ.

ಯಾವುದೇ ವಿಷಯ ಎತ್ತುವ ಮೊದಲು ಅದು ನಾಲ್ಕರಲ್ಲಿ ಯಾವ ಬಗೆಯದು ಎಂದು ಬಾಯಿಬಿಟ್ಟು ಹೇಳಿ. ಒಂದು, ತೀರ್ಮಾನ ಆಗಿದೆ, ತಿಳಿಸುತ್ತಿದ್ದೇವೆ. ಎರಡು, ನಿಮ್ಮ ಮಾತು ಕೇಳುತ್ತೇವೆ, ತೀರ್ಮಾನ ನಮ್ಮದು. ಮೂರು, ಇಬ್ಬರೂ ಒಪ್ಪಿದರಷ್ಟೇ ಜಾರಿ. ನಾಲ್ಕು, ಪೂರ್ತಿ ನಿಮಗೇ ಬಿಟ್ಟದ್ದು. ಅಗ್ನಿಸುರಕ್ಷೆಯ ನಿಯಮ ಮೊದಲನೆಯದು, ಅದರಲ್ಲಿ ಚೌಕಾಸಿ ಇಲ್ಲ. ಹೊಸ ಮೆಷಿನ್ ಕೊಳ್ಳುವುದು ಎರಡನೆಯದು. ಪಾಳಿ, ಟಾರ್ಗೆಟ್ ಲೆಕ್ಕ ಹಾಕುವ ಬಗೆ, ಲೇಟಿನ ನಿಯಮ ಇವೆಲ್ಲ ಮೂರನೆಯದಾಗಬೇಕು ಎಂಬುದು ನನ್ನ ಗಟ್ಟಿ ನಿಲುವು. ಲೈನಿನೊಳಗೆ ಯಾರು ಯಾವ ಮೆಷಿನ್, ಊಟಕ್ಕೆ ಯಾವ ಬ್ಯಾಚ್ ಮೊದಲು ಎಂಬುದನ್ನು ನಾಲ್ಕನೆಯದಕ್ಕೆ ಬಿಡಬಹುದು. ಎರಡನೆಯದನ್ನು ಮೂರನೆಯದು ಎಂದು ಹೇಳಿ ಕೂರಿಸುವುದು ಎಲ್ಲಕ್ಕಿಂತ ದೊಡ್ಡ ಕೇಡು. ಒಮ್ಮೆ ಹಾಗಾದರೆ ಮುಂದಿನ ಸಲ ಯಾರೂ ಬಾಯಿ ತೆರೆಯುವುದಿಲ್ಲ. ‘ತೀರ್ಮಾನ ನಮ್ಮದೇ, ಆದರೆ ನಿಮ್ಮ ತೊಂದರೆ ತಿಳಿಯಬೇಕು’ ಎಂದು ನೇರವಾಗಿ ಹೇಳಿದರೆ ಜನ ಒಪ್ಪುತ್ತಾರೆ.

ಆಮೇಲೆ ಅರ್ಧ ಪುಟದ ಒಂದು ಹಾಳೆ. ಅದರಲ್ಲಿ ಪರಿಹಾರ ಇರಬಾರದು, ಸಮಸ್ಯೆ ಮಾತ್ರ ಇರಬೇಕು. ‘8.30ಕ್ಕೆ ಶುರು ಮಾಡುವ ಬಗ್ಗೆ’ ಎಂದು ಬರೆದರೆ ಚರ್ಚೆ 8.30 ಬೇಕೋ ಬೇಡವೋ ಎಂಬಲ್ಲೇ ಸಿಕ್ಕಿಕೊಳ್ಳುತ್ತದೆ. ‘ಕಳೆದ ನಾಲ್ಕು ವಾರದಲ್ಲಿ ಲಾರಿ ಇಷ್ಟು ದಿನ, ಇಷ್ಟು ಹೊತ್ತು ತಡವಾಗಿದೆ, ಇದರಿಂದ ಇಷ್ಟು ದಂಡ ಬಿದ್ದಿದೆ’ ಎಂದು ಬರೆಯಿರಿ. ದಂಡದ ಅಂಕಿ ಮುಚ್ಚಿಡಬೇಡಿ. ಯಾವುದು ಬದಲಾಗಲು ಸಾಧ್ಯವೇ ಇಲ್ಲ ಎಂಬುದನ್ನೂ ಬರೆಯಿರಿ: ದಿನಕ್ಕೆ ಎಂಟು ಗಂಟೆ ಮೀರಬಾರದು, ಊಟದ ಅರ್ಧ ಗಂಟೆ ಕಡಿಮೆಯಾಗಬಾರದು, ಲಾರಿ ಆರಕ್ಕೆ ಹೊರಡಬೇಕು. ಗೆರೆ ಎಲ್ಲಿದೆ ಎಂದು ತಿಳಿದರೆ ಅದರೊಳಗೆ ಯೋಚನೆ ಓಡುತ್ತದೆ.

ಹಾಳೆ ಕನ್ನಡದಲ್ಲಿರಲಿ. ಗೌರಿಬಿದನೂರು, ಮಾಲೂರಿನ ಕಡೆ ತೆಲುಗಿನಲ್ಲಿ ಓದಿಹೇಳುವವರೂ ಬೇಕು. ಒಡಿಶಾ, ಬಿಹಾರದಿಂದ ಬಂದವರಿರುವ ಕಡೆ ಹಿಂದಿಯಲ್ಲಿ ಹೇಳುವವರು ಬೇಕು. ಮೇಲಧಿಕಾರಿಯೇ ಅನುವಾದ ಮಾಡಬಾರದು, ಆ ಭಾಷೆಯ ಕಾರ್ಮಿಕರೇ ಮಾಡಲಿ.

ನಂತರ ಸಣ್ಣ ಗುಂಪಿನ ಸಭೆಗಳು. ಒಂದೊಂದರಲ್ಲಿ 12ರಿಂದ 15 ಜನ, 20 ನಿಮಿಷ, ಸಂಬಳದ ಹೊತ್ತಿನಲ್ಲೇ. ಊಟದ ಹೊತ್ತಿನಲ್ಲಿ ಅಥವಾ ಸಂಜೆ ಬಸ್ಸಿಗೆ ಓಡುವಾಗ ಕರೆದರೆ ಬಂದವರ ಕಣ್ಣು ಗಡಿಯಾರದ ಮೇಲಿರುತ್ತದೆ. ಆ ಲೈನಿನ ಸೂಪರ್‌ವೈಸರ್ ಆ ಸಭೆಯಲ್ಲಿ ಇರಬಾರದು. ಅವರಿಗೆ ಬೇರೆ ಸಭೆ. ಇಬ್ಬರು ಪ್ರತಿನಿಧಿಗಳು ನಡೆಸಲಿ, ಒಬ್ಬರು ಕೇಳುವುದು, ಒಬ್ಬರು ಬರೆದುಕೊಳ್ಳುವುದು. ಮೊದಲು ಮಾತಾಡುವವರು ಹೊಸಬರು ಮತ್ತು ಹೆಲ್ಪರ್‌ಗಳು, ಕೊನೆಗೆ ಹಿರಿಯ ಟೈಲರ್‌ಗಳು. ಹಿರಿಯಕ್ಕ ಮೊದಲು ಮಾತಾಡಿದರೆ ಉಳಿದವರು ‘ಅಕ್ಕ ಹೇಳಿದ್ದೇ ಸರಿ’ ಎಂದು ಮುಗಿಸಿಬಿಡುತ್ತಾರೆ.

ಕೇಳುವ ಪ್ರಶ್ನೆ ಬಹಳ ಮುಖ್ಯ. ‘ಒಪ್ಪಿಗೆ ಇದೆಯಾ?’ ಎಂದರೆ ‘ಆಗಲಿ ಸಾರ್’ ಎಂಬ ಉತ್ತರ ಸಿಗುತ್ತದೆ. ನಮ್ಮ ಕಡೆ ‘ಆಗಲಿ ಸಾರ್’ ಎಂದರೆ ಒಪ್ಪಿದ್ದೇವೆ ಎಂದಲ್ಲ, ಮಾತು ಬೆಳೆಸುವುದು ಬೇಡ ಎಂದೂ ಇರಬಹುದು. ಅದರ ಬದಲು ‘ಇದರಿಂದ ಯಾರಿಗೆ, ಯಾವ ಹೊತ್ತಿನಲ್ಲಿ, ಏನು ತೊಂದರೆ?’ ಎಂದು ಕೇಳಿ. ‘ಈಗ ಒಂದು ಗಂಟೆ ಎಲ್ಲಿ ಪೋಲಾಗುತ್ತಿದೆ?’ ಎಂದು ಕೇಳಿ. ಬಂಡಲ್ 10ಕ್ಕೆ ಬರುವ ವಿಷಯ ಹೊರಬೀಳುವುದು ಈ ಎರಡನೆಯ ಪ್ರಶ್ನೆಯಿಂದ.

ಎಲ್ಲ ಗುಂಪುಗಳ ಮಾತು ಸೇರಿಸಿ ಮೂರು ಆಯ್ಕೆಗಳಿಗೆ ಇಳಿಸಿ. ಎರಡೇ ಇದ್ದರೆ ಜನ ಎರಡು ಪಕ್ಷವಾಗುತ್ತಾರೆ, ಐದಾರು ಇದ್ದರೆ ಗೊಂದಲ. ಪ್ರತಿ ಆಯ್ಕೆಗೂ ಹೆಸರಿಲ್ಲದ ಚೀಟಿಯಲ್ಲಿ 0ಯಿಂದ 3ರವರೆಗೆ ಅಂಕ ಹಾಕಿಸಿ. 0 ಎಂದರೆ ನನ್ನಿಂದ ಆಗುವುದೇ ಇಲ್ಲ, 3 ಎಂದರೆ ತುಂಬ ಅನುಕೂಲ. ಒಟ್ಟು ಅಂಕ ನೋಡುವ ಮೊದಲು ಸೊನ್ನೆಗಳನ್ನು ಎಣಿಸಿ. ಸರಾಸರಿ ಚೆನ್ನಾಗಿದ್ದರೂ 30 ಸೊನ್ನೆ ಬಿದ್ದಿದ್ದರೆ ಅದರ ಹಿಂದೆ ಒಂದು ಬಸ್ಸೋ, ಅಂಗನವಾಡಿಯೋ, ಹಾಲು ಹಾಕುವ ಹೊತ್ತೋ ಇರುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಮನೆಗಳು ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಕಡಿಮೆಯೇನಲ್ಲ. ಆ ಸೊನ್ನೆಯ ಕಾರಣ ಹುಡುಕಿ ಸರಿಮಾಡಿದರೆ ಎಷ್ಟೋ ಸಲ ಆಯ್ಕೆಯೇ ಸುಧಾರಿಸುತ್ತದೆ.

ಆರಿಸಿದ್ದನ್ನು ಎರಡು ವಾರ ಪರೀಕ್ಷೆಗೆ ಹಾಕಿ, ಸಾಧ್ಯವಾದರೆ ಒಂದೇ ಲೈನಿನಲ್ಲಿ. ಯಾವ ಅಂಕಿ ನೋಡಿ ಸರಿ-ತಪ್ಪು ಹೇಳುತ್ತೇವೆ ಎಂದು ಮೊದಲೇ ಬರೆದಿಡಿ: ಲಾರಿ ಹೊರಟ ಹೊತ್ತು, ಮೊದಲ ಬಂಡಲ್ ಬಂದ ಹೊತ್ತು, ತಪ್ಪು ತಿದ್ದಲು ವಾಪಸ್ ಬಂದ ಪೀಸು, ಗೈರುಹಾಜರಿ. ಪರೀಕ್ಷೆ ಮುಗಿದ ಮೇಲೆ ಅಂಕಿ ಆರಿಸಿಕೊಳ್ಳಲು ಹೊರಟರೆ ಇಬ್ಬರೂ ತಮಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತಾರೆ.

ಕೊನೆಗೆ ಉತ್ತರದ ಹಾಳೆ. ನಾಲ್ಕು ಕಾಲಂಗಳ ನಡಾವಳಿ ಸಾಕು: ಏನು ಹೇಳಿದರು, ಏನು ತೀರ್ಮಾನ, ಯಾರ ಹೊಣೆ, ಯಾವ ದಿನದೊಳಗೆ. ಸಭೆಯಾದ ಮೂರು ದಿನದೊಳಗೆ ಬೋರ್ಡಿಗೆ ಹೋಗಬೇಕು. ಒಪ್ಪದ ಸಲಹೆಗೂ ಒಂದು ಸಾಲು ಇರಬೇಕು, ಕಾರಣದ ಸಮೇತ. ‘ಮಧ್ಯಾಹ್ನದ ಟೀ ಹೊತ್ತು ಹೆಚ್ಚಿಸಲು ಆಗದು, ಆದರೆ ಟೀಯನ್ನು ಲೈನಿಗೇ ತಂದುಕೊಡುತ್ತೇವೆ’ ಎಂಬಂತೆ. ‘ಪರಿಶೀಲಿಸಲಾಗುವುದು’ ಎಂಬುದನ್ನು ಉತ್ತರ ಎಂದು ಎಣಿಸಬೇಡಿ, ಅದರ ಪಕ್ಕ ದಿನಾಂಕ ಇದ್ದರೆ ಮಾತ್ರ ಅದು ಉತ್ತರ. ಸಮಿತಿಗಳು ಸಾಯುವುದು ಜಗಳದಿಂದ ಅಲ್ಲ, ಉತ್ತರ ಬಾರದೆ. ಮೊದಲ ಸಭೆಯಲ್ಲಿ ಇಪ್ಪತ್ತು ಸಲಹೆ, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಕುಡಿಯುವ ನೀರು, ಶೌಚಾಲಯ ಎರಡೇ ಉಳಿದರೆ, ಜನರಿಗೆ ಹೇಳಲು ಏನೂ ಇಲ್ಲ ಎಂದು ತಿಳಿಯಬಾರದು.

ಇದಕ್ಕೆಲ್ಲ ಹೊತ್ತೆಲ್ಲಿ ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. 240 ಜನ, ತಲಾ 20 ನಿಮಿಷ ಎಂದರೆ 80 ಗಂಟೆ. ಎರಡು ಸುತ್ತಿಗೆ 160 ಗಂಟೆ. ಇನ್ನೊಂದು ಕಡೆ, ಒಬ್ಬ ಟೈಲರ್ ಬಿಟ್ಟುಹೋಗಿ ಹೊಸಬರು ಬಂದರು ಎಂದುಕೊಳ್ಳಿ. ಎಂಟು ವಾರ ಅವರು ಸರಾಸರಿ ಶೇ 60ರ ವೇಗದಲ್ಲಿ ಕೆಲಸ ಮಾಡಿದರೆ, ವಾರಕ್ಕೆ 48 ಗಂಟೆಯಂತೆ 384 ಗಂಟೆಯಲ್ಲಿ ಸುಮಾರು 154 ಗಂಟೆಯ ಕೆಲಸ ನಷ್ಟ. ನಿಮ್ಮಲ್ಲಿ ಕಲಿಯುವ ಅವಧಿ ಬೇರೆ ಇದ್ದರೆ ನಿಮ್ಮ ಅಂಕಿ ಹಾಕಿಕೊಳ್ಳಿ. ಇಡೀ ಕಾರ್ಖಾನೆಯನ್ನು ಎರಡು ಸಲ ಕೇಳಲು ತಗಲುವ ಹೊತ್ತು, ಒಬ್ಬರೇ ಒಬ್ಬರು ಬಿಟ್ಟುಹೋಗುವ ನಷ್ಟಕ್ಕೆ ಹೆಚ್ಚುಕಡಿಮೆ ಸಮ. ನಾನು ಆರಂಭದಲ್ಲಿ ಹೇಳಿದ ನೋಟಿಸಿನಿಂದ ಒಬ್ಬರಷ್ಟೇ ಬಿಟ್ಟುಹೋಗುವುದಿಲ್ಲ.

ಕಾನೂನಿನ ಮಾತಿಗೆ ಹೆಚ್ಚು ಹೊತ್ತು ಬೇಡ, ಆದರೆ ನಾಲ್ಕು ವಿಷಯ ತಿಳಿದಿರಬೇಕು. ಸಂವಿಧಾನದ 43ಎ ವಿಧಿ, 1976ರ 42ನೇ ತಿದ್ದುಪಡಿಯಿಂದ ಬಂದದ್ದು, ಕೈಗಾರಿಕೆಯ ಆಡಳಿತದಲ್ಲಿ ಕಾರ್ಮಿಕರು ಪಾಲ್ಗೊಳ್ಳುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. 100 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ವರ್ಕ್ಸ್ ಕಮಿಟಿ, ಅಂದರೆ ಆಡಳಿತ ಮತ್ತು ಕಾರ್ಮಿಕರ ಪ್ರತಿನಿಧಿಗಳು ಕೂಡಿರುವ ಸಮಿತಿ, ರಚಿಸಲು ಸರ್ಕಾರ ಆದೇಶಿಸಬಹುದು ಎಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. 20 ಮತ್ತು ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು: ಹೆಚ್ಚೆಂದರೆ ಹತ್ತು ಜನ, ಎರಡೂ ಕಡೆ ಸಮ, ಅಧ್ಯಕ್ಷ ಸ್ಥಾನ ಒಂದು ವರ್ಷ ಇವರಿಗೆ, ಒಂದು ವರ್ಷ ಅವರಿಗೆ, ಮಹಿಳೆಯರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ. ಇದರಲ್ಲಿ ಒಂದು ಸೊಗಸಾದ ನಿಯಮವಿದೆ. ಬಹುಮತ ಬಂದರಷ್ಟೇ ಸಾಲದು, ಕಾರ್ಮಿಕ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿರಬೇಕು, ಇಲ್ಲವಾದರೆ ತೀರ್ಮಾನವೇ ಆಗಿಲ್ಲ ಎಂದರ್ಥ. ಕಾನೂನು ಹೇಳಲಿ ಬಿಡಲಿ, ಇದೇ ನಿಯಮವನ್ನು ವರ್ಕ್ಸ್ ಕಮಿಟಿಗೂ ಅಳವಡಿಸಿಕೊಳ್ಳಿ.

ಇನ್ನೊಂದು, ಬದಲಾವಣೆಯ ನೋಟಿಸು. ಪಾಳಿ, ಕೆಲಸದ ಹೊತ್ತು, ಸಂಬಳ, ರಜೆಯಂಥ ಷರತ್ತುಗಳನ್ನು ಕಾರ್ಮಿಕರಿಗೆ ಅನನುಕೂಲವಾಗುವಂತೆ ಬದಲಾಯಿಸಬೇಕಾದರೆ 21 ದಿನ ಮುಂಚೆ ನೋಟಿಸ್ ಕೊಡಬೇಕು. ಹಳೆಯ ಕಾಯ್ದೆಯ 9ಎ, ಈಗಿನ ಸಂಹಿತೆಯ 40ನೇ ಸೆಕ್ಷನ್. ಅನೇಕರು ಈ 21 ದಿನವನ್ನು ಕಾಯುವ ಅವಧಿ ಎಂದುಕೊಳ್ಳುತ್ತಾರೆ. ಆ ನೋಟಿಸಿಗೆ ಮೂರು ವಾರ ಮೊದಲೇ ನಾನು ಹೇಳಿದ ಕೆಲಸ ಮುಗಿಸಿ. ಇಬ್ಬರೂ ಕಾನೂನುಬದ್ಧ ಒಪ್ಪಂದಕ್ಕೆ ಬಂದು, ಬದಲಾವಣೆ ಆ ಒಪ್ಪಂದದಂತೆಯೇ ನಡೆದರೆ ನೋಟಿಸಿನ ಅಗತ್ಯವೂ ಇರುವುದಿಲ್ಲ.

ಯೂನಿಯನ್ ಇರುವ ಕಡೆ ಅದನ್ನು ಪಕ್ಕಕ್ಕೆ ಸರಿಸಲು ಕಮಿಟಿ ಬಳಸಬೇಡಿ. ನಾರ್ತ್‌ಬ್ರೂಕ್ ಜ್ಯೂಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ದಿನನಿತ್ಯದ ತಿಕ್ಕಾಟ ಕಡಿಮೆ ಮಾಡುವುದು ವರ್ಕ್ಸ್ ಕಮಿಟಿಯ ಕೆಲಸ. ಸೇವಾ ಷರತ್ತುಗಳ ದೊಡ್ಡ ಬದಲಾವಣೆಗೆ ಕಮಿಟಿಯವರು ಒಪ್ಪಿದರೆ ಅದು ಕಾರ್ಮಿಕರನ್ನೋ ಯೂನಿಯನ್ನನ್ನೋ ಕಟ್ಟಿಹಾಕುವುದಿಲ್ಲ. ಟಾರ್ಗೆಟ್, ಸಂಬಳದ ವಿಷಯಕ್ಕೆ ಯೂನಿಯನ್ ಜೊತೆ ಕೂರಿ.

ಏನು ಕೆಡುತ್ತದೆ ಎಂಬುದಕ್ಕೆ ಬರುತ್ತೇನೆ. ಮೊದಲು ಕೆಡುವುದು ಸೂಪರ್‌ವೈಸರ್‌ಗಳ ಜಾಗದಲ್ಲಿ. ಮೇಲಿನವರು ಮತ್ತು ಕೆಳಗಿನವರು ನೇರವಾಗಿ ಮಾತಾಡಿಕೊಂಡರೆ ನಡುವೆ ಇರುವವರಿಗೆ ತಮ್ಮ ಕೆಲಸವೇನು ಎಂಬ ಅಳುಕು ಹುಟ್ಟುತ್ತದೆ. ನೂರು ಪೀಸು ಕಡಿಮೆಯಾದರೆ ಬೈಸಿಕೊಳ್ಳುವವರು ಅವರು, ಸಭೆಗೆ ಮಾತ್ರ ಕರೆ ಇಲ್ಲ. ಆಗ ಅವರು ತೀರ್ಮಾನವನ್ನು ಎದುರಿಸುವುದಿಲ್ಲ, ನಿಧಾನಗೊಳಿಸುತ್ತಾರೆ. ಅವರಿಗೆ ಪ್ರತ್ಯೇಕ ಸಭೆ ಇಡಿ, ಲೈನಿನ ಮಾತುಗಳನ್ನು ಹೆಸರಿಲ್ಲದೆ ಅವರಿಗೇ ಮೊದಲು ತೋರಿಸಿ, ಜಾರಿಯ ಹೊಣೆಯಲ್ಲಿ ಅವರ ಹೆಸರು ಬರೆಯಿರಿ. ಸಭೆಗಾಗಿ ಹೋದ 20 ನಿಮಿಷವನ್ನು ಆ ದಿನದ ಟಾರ್ಗೆಟ್‌ನಿಂದ ಕಳೆಯಿರಿ. ಇದೊಂದನ್ನು ಮಾಡದ ಕಡೆ ಸೂಪರ್‌ವೈಸರ್‌ಗಳೇ ಸಭೆ ತಪ್ಪಿಸುತ್ತಾರೆ, ಅದು ಅವರ ತಪ್ಪಲ್ಲ.

ಪ್ರತಿನಿಧಿಗಳನ್ನು ಆಡಳಿತವೇ ಆರಿಸುವುದು ಇನ್ನೊಂದು ಕೇಡು. ಮಾತು ಚೆನ್ನಾಗಿ ಬರುತ್ತದೆ ಎಂದು ಎಚ್‌ಆರ್‌ನವರು ಹೆಸರು ಬರೆದುಕೊಂಡರೆ ಲೈನಿನವರು ಅವರನ್ನು ‘ಆಫೀಸಿನವರು’ ಎಂದೇ ಕರೆಯುತ್ತಾರೆ. ಗುಟ್ಟಿನ ಮತದಾನ ಮಾಡಿಸಿ, ವಿಭಾಗವಾರು ಸ್ಥಾನ ಇಡಿ. ಟೈಲರ್‌ಗಳೇ ಹೆಚ್ಚಿರುವ ಕಡೆ ಹೆಲ್ಪರ್, ಹೌಸ್‌ಕೀಪಿಂಗ್‌ನವರಿಗೆ ಒಂದೂ ಸ್ಥಾನ ಸಿಗದೇ ಹೋಗಬಹುದು. ಪ್ರತಿನಿಧಿಯಾದವರನ್ನು ಆ ಅವಧಿಯಲ್ಲಿ ಬೇರೆ ಯೂನಿಟ್‌ಗೆ ವರ್ಗ ಮಾಡಬೇಡಿ. ಒಂದು ವರ್ಗಾವಣೆ ಸಾಕು, ಉಳಿದವರೆಲ್ಲ ಪಾಠ ಕಲಿಯುತ್ತಾರೆ.

ನರಸಾಪುರದಿಂದ ಬಂದವರಿಗೆ ಮುಂದಿನದು ಬಿಡಿಸಿ ಹೇಳಬೇಕಿಲ್ಲ. 2020ರ ಡಿಸೆಂಬರ್ 12ರಂದು ಅಲ್ಲಿನ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ದಾಂಧಲೆ ನಡೆಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಮೂಲ ಎಲ್ಲಿತ್ತು? ಸಂಬಳ ಮತ್ತು ಕೆಲಸದ ಹೊತ್ತಿನ ಲೆಕ್ಕದಲ್ಲಿ. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಹೋಗಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಆಪಲ್ ಅದನ್ನು ಪ್ರೊಬೇಷನ್‌ನಲ್ಲಿ, ಅಂದರೆ ನಿಗಾದಲ್ಲಿ, ಇಟ್ಟಿತು. ಜನರ ಸಂಖ್ಯೆ ಬೇಗ ಬೇಗ ಏರುವಾಗ ಹಾಜರಾತಿಯ ಪದ್ಧತಿಯೇ ಮೊದಲು ಸೋಲುತ್ತದೆ. ಅಂಥ ಕಡೆ ಹೊಸ ಹಾಜರಾತಿ ಯಂತ್ರವೋ ಸಂಬಳದ ಸಾಫ್ಟ್‌ವೇರೋ ಬರುವ ಮೊದಲ ತಿಂಗಳು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓಡಿಸಿ. ಪ್ರತಿ ವಿಭಾಗದಿಂದ ಐದು ಜನರ ಸಂಬಳದ ಚೀಟಿಯನ್ನು ಪ್ರತಿನಿಧಿಗಳ ಜೊತೆ ಕೂತು, ಆ ಐವರ ಒಪ್ಪಿಗೆ ಪಡೆದು, ಕೈಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿ. ಓಟಿ, ರಾತ್ರಿ ಪಾಳಿ, ತಿಂಗಳ ಮಧ್ಯೆ ಸೇರಿದವರು, ಕಾಂಟ್ರಾಕ್ಟ್‌ನವರು ಈ ನಾಲ್ಕು ಬಗೆಯವರು ಅದರಲ್ಲಿ ಇರಲೇಬೇಕು. ತಪ್ಪು ಸಿಗುವುದು ಅಲ್ಲೇ.

ನರಸಾಪುರ ಇರುವ ಕೋಲಾರ ಜಿಲ್ಲೆಯದೇ ಚಿನ್ನದ ಗಣಿಯಲ್ಲಿ 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮದ ವಿರುದ್ಧ ದೊಡ್ಡ ಮುಷ್ಕರವೇ ಆಗಿತ್ತು. ಬೆರಳಚ್ಚಿನ ಯಂತ್ರ ಇವತ್ತು ಪ್ರತಿ ಗೇಟಿನಲ್ಲಿದೆ. ಈ ಅಚ್ಚು ಯಾಕೆ, ಯಾರು ನೋಡುತ್ತಾರೆ, ಬೆರಳು ಸವೆದು ಯಂತ್ರ ಒಪ್ಪದಿದ್ದರೆ ನನ್ನ ಹಾಜರಿ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಇವತ್ತೂ ಮೊದಲೇ ಉತ್ತರ ಕೊಟ್ಟಿರಬೇಕು.

ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ನನ್ನ ಸಲಹೆ: ಹಬ್ಬದ ರಜೆ. ನಮ್ಮ ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಂತೆ ರಾಷ್ಟ್ರೀಯ ದಿನಗಳ ಜೊತೆಗೆ ಐದು ಹಬ್ಬದ ರಜೆಗಳಿವೆ, ಅವು ಯಾವುವು ಎಂಬುದನ್ನು ಮಾಲೀಕರ ಮತ್ತು ನೌಕರರ ಜೊತೆ ಸಮಾಲೋಚಿಸಿಯೇ ಗೊತ್ತುಮಾಡಬೇಕು. ಹಾಗಿದ್ದೂ ಹೋದ ವರ್ಷದ ಪಟ್ಟಿಯಲ್ಲಿ ತಾರೀಕು ಮಾತ್ರ ತಿದ್ದಿ ಕಳಿಸುವುದೇ ಹೆಚ್ಚು. ಬರೀ ಬಹುಮತದಿಂದ ಐದನ್ನೂ ಆರಿಸಿದರೆ ರಂಜಾನ್, ಕ್ರಿಸ್‌ಮಸ್ ಎರಡೂ ಪ್ರತಿ ವರ್ಷ ಸೋಲುತ್ತವೆ. ಅದನ್ನು ಹೇಗೆ ಹೊಂದಿಸುವುದು, ಸಿದ್ಧಗಂಗೆ ಜಾತ್ರೆಯ ದಿನ ಅರ್ಧ ಕಾರ್ಖಾನೆ ಖಾಲಿಯಾಗುವುದನ್ನು ಹೇಗೆ ನಿಭಾಯಿಸುವುದು, ಯಾವ ಭಾನುವಾರ ಸರಿದೂಗಿಸುವುದು ಎಂದು ಕೂತು ಮಾತಾಡಿ. ಹಣದ ದೊಡ್ಡ ಭಾರ ಇಲ್ಲ, ಆದರೆ ಎಲ್ಲರಿಗೂ ಮುಟ್ಟುವ ವಿಷಯ. ಅದರಲ್ಲಿ ಕೊಟ್ಟ ಮಾತು ವರ್ಷವಿಡೀ ಉಳಿದರೆ ಮುಂದಿನ ವರ್ಷ ಟಾರ್ಗೆಟ್ ಬಗ್ಗೆ ಮಾತಾಡಲು ಇಬ್ಬರಿಗೂ ಧೈರ್ಯ ಬರುತ್ತದೆ.

ಸಭಿಕರ ಪ್ರಶ್ನೆಗಳಿಂದ ಎರಡು:

‘ಎಷ್ಟು ಕೂತರೂ ಒಮ್ಮತ ಬರದಿದ್ದರೆ?’ ಎಂದು ಮಾಲೂರಿನ ಸೂಪರ್‌ವೈಸರ್ ಒಬ್ಬರು ಕೇಳಿದರು.

ಮೊದಲೇ ಗಡುವು ಹಾಕಿಕೊಂಡಿರಬೇಕು. ಎರಡು ಸಭೆಯಲ್ಲಿ ಆಗದಿದ್ದರೆ ಹಳೆಯ ಕ್ರಮವೇ ಮುಂದುವರಿಯುತ್ತದೆಯೋ, ಒಂದು ತಿಂಗಳ ಪರೀಕ್ಷೆಗೆ ಆಡಳಿತದ ಆಯ್ಕೆ ಜಾರಿಯಾಗುತ್ತದೆಯೋ ಎಂಬುದನ್ನು ಮೊದಲ ದಿನವೇ ಬರೆದಿಡಿ. ಒಪ್ಪದವರ ಕಾರಣವೂ ನಡಾವಳಿಯಲ್ಲಿ ದಾಖಲಾಗಲಿ. ಪರೀಕ್ಷೆ ಮುಗಿದಾಗ ಅವರು ಹೇಳಿದ್ದೇ ಆಗಿದ್ದರೆ ಅದನ್ನೂ ಬೋರ್ಡಿನಲ್ಲಿ ಹಾಕಿ.

‘ನಮ್ಮಲ್ಲಿ ಇರುವುದೇ ಒಂಬತ್ತು ಜನ, ನಮಗೆ ಇದೆಲ್ಲ ಯಾಕೆ?’ ರೇಷ್ಮೆ ಗೂಡಿನಿಂದ ನೂಲು ತೆಗೆಸುವ ಶಿಡ್ಲಘಟ್ಟದ ರೀಲರ್ ಒಬ್ಬರ ಪ್ರಶ್ನೆ.

ಕಮಿಟಿ ಬೇಡ, ಚೀಟಿಯೂ ಬೇಡ. ಒಂದು ನೋಟ್‌ಬುಕ್ ಸಾಕು. ಮಾರುಕಟ್ಟೆಯಲ್ಲಿ ಗೂಡಿನ ಲಾಟು ಹರಾಜಿನಲ್ಲಿ ಕೊಳ್ಳುವವರು ನೀವು. ಆ ಲಾಟು ನೂಲು ಬಿಚ್ಚುವ ಬೇಸಿನ್‌ನಲ್ಲಿ ಹೇಗೆ ಬಿಚ್ಚಿಕೊಂಡಿತು, ಎಳೆ ಎಷ್ಟು ಸಲ ಕಡಿಯಿತು ಎಂದು ತಿಳಿದಿರುವವರು ನೂಲು ತೆಗೆಯುವ ಹೆಣ್ಣುಮಕ್ಕಳು ಮತ್ತು ಗೂಡು ಬೇಯಿಸುವವರು. ಪ್ರತಿ ಲಾಟಿಗೂ ಕೊಂಡ ಬೆಲೆ, ಯಾವ ಕಡೆಯ ಗೂಡು, ಬೇಯಿಸಿದ ಹೊತ್ತು, ಕಡಿತ ಹೆಚ್ಚೋ ಕಡಿಮೆಯೋ, ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಹಿಡಿಯಿತು ಎಂದು ಅವರಿಂದಲೇ ಹೇಳಿಸಿ ಬರೆಯಿರಿ. ದಿನಕ್ಕೆ 50 ಕೆಜಿ ಗೂಡು ಬಿಚ್ಚುವ ಕಡೆ ಕೆಜಿ ನೂಲಿಗೆ 8 ಕೆಜಿ ಗೂಡು ಹಿಡಿದರೆ 6 ಕಾಲು ಕೆಜಿ ನೂಲು, 7 ಕೆಜಿ ಹಿಡಿದರೆ 7 ಕೆಜಿಗೂ ತುಸು ಮೇಲೆ. ದಿನಕ್ಕೆ ಹತ್ತಿರ ಹತ್ತಿರ 900 ಗ್ರಾಂ ವ್ಯತ್ಯಾಸ. ವಾರಕ್ಕೊಮ್ಮೆ ಹದಿನೈದು ನಿಮಿಷ ಎಲ್ಲರೂ ಕೂತು ಆ ನೋಟ್‌ಬುಕ್ ಓದಿ, ಮುಂದಿನ ವಾರ ಎಂಥ ಲಾಟಿಗೆ ಎಷ್ಟರವರೆಗೆ ಕೂಗಬಹುದು, ಬೇಯಿಸುವ ಹೊತ್ತು ಎಷ್ಟಿರಲಿ ಎಂದು ಮಾತಾಡಿ. ಉಳಿದ ನೂಲಿನ ಹಣದಲ್ಲಿ ಕೂಲಿಯವರಿಗೆ ಎಷ್ಟು ಪಾಲು ಎಂಬುದನ್ನು ಮೊದಲ ವಾರವೇ, ಲೆಕ್ಕ ಶುರುವಾಗುವ ಮುಂಚೆಯೇ, ಅದೇ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ.